ಕಾರಿನ ತಲೆಯ ಮೇಲೆ ಎರಡು ಸೈಕಲ್

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನನ್ನು ಬಲ್ಲವರೆಲ್ಲ ಒಂದು ಮಾತನ್ನು ಒಪ್ಪುತ್ತಾರೆ. ಗಿರಿಜಾ ಮೇಡಂ ಏನು ಮಾಡಿದರೂ ಲೆಕ್ಕ ಹಾಕಿಯೇ ಮಾಡುತ್ತಾರೆ! ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿರುವವಳು ನಾನು. ಗುರುತ್ವ ಕೇಂದ್ರ, ಘರ್ಷಣೆ, ಬಲಗಳ ಸಮತೋಲನ ಇವೆಲ್ಲ ನನಗೆ ಉಪ್ಪಿಟ್ಟು ಕೆದಕಿದಷ್ಟು ಸಲೀಸು. ಹೀಗಿರುವಾಗ ಎರಡು ಸೈಕಲ್‌ಗಳನ್ನು ಒಂದು ಕಾರಿಗೆ ಕಟ್ಟಿಕೊಂಡು ಪಕ್ಕದ ಹರಿಹರಕ್ಕೆ ಹೋಗಿಬರುವುದು ಒಂದು ಕೆಲಸವೇ? ಅಲ್ಲ ಎಂದುಕೊಂಡೆ. ಎಲ್ಲ ಶುರುವಾಗಿದ್ದು ಅಲ್ಲಿಂದಲೇ.

ಹರಿಹರದಲ್ಲಿ ನನ್ನ ನಾದಿನಿ ಸುಮಂಗಲ ಇದ್ದಾಳೆ. ನಲವತ್ತಾರು ವಯಸ್ಸು, ಶಿಶುವಿಹಾರದಲ್ಲಿ ಟೀಚರು. ಅವಳ ಬೀದಿಯ ಅರ್ಧದಷ್ಟು ಮಕ್ಕಳು ಅವಳ ಕೈಹಿಡಿದೇ ಅ ಆ ಇ ಈ ತಿದ್ದಿದವರು. ಒಂದು ಮಧ್ಯಾಹ್ನ ಫೋನ್ ಮಾಡಿ, ಕಳ್ಳಸಾಗಣೆ ಮಾಡುವವರ ಹಾಗೆ ದನಿ ಇಳಿಸಿ ಮಾತಾಡಿದಳು.

"ಅತ್ತಿಗೆ, ಯಾರ ಮುಂದೂ ಬಾಯಿ ಬಿಡಬಾರ್ದು. ಅಣ್ಣನ ಮುಂದೆ ಬೇಕಾದ್ರೆ ಹೇಳ್ರಿ."

"ಏನಾತು ಸುಮಾ? ಗಾಬರಿ ಮಾಡಬ್ಯಾಡ."

"ನಾ ಸೈಕಲ್ ಕಲೀಬೇಕು."

ನನಗೆ ನಗು ಬಂತು. ಆದರೆ ಅವಳು ನಗುತ್ತಿರಲಿಲ್ಲ. ಮಂಡಿನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಅಂದಿದ್ದರಂತೆ. ಡಾಕ್ಟರದು ನೆಪ ಅಷ್ಟೇ. "ಸಣ್ಣಾಕಿ ಇದ್ದಾಗ ಕಲಿಯಾಕ ಬಿಡಲಿಲ್ಲ. ಮದುವಿ ಆದಮ್ಯಾಲೆ ಪುರುಸೊತ್ತೇ ಸಿಗಲಿಲ್ಲ. ಈಗ ಕಲಿಯಾಕ ಹೋದ್ರೆ ನಾಚಿಕಿ. ನಾ ಬಿದ್ದಿದ್ದನ್ನ ನಮ್ಮ ಓಣಿ ಹುಡುಗ್ರು ನೋಡಿದ್ರೆ ನಾಳೆಯಿಂದ ಕ್ಲಾಸಿನಾಗ ನನ್ನ ಮಾತು ಯಾರು ಕೇಳ್ತಾರೆ ಹೇಳ್ರಿ?" ಅಂದಳು.

ಆ ದನಿಯಲ್ಲಿ ಏನೋ ಇತ್ತು. ಮೂವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ಆಸೆಯನ್ನು ನನ್ನೊಬ್ಬಳ ಹತ್ತಿರ ಬಿಚ್ಚಿದ್ದಳು. ಕೂಡಲೇ ಮಾತು ಕೊಟ್ಟುಬಿಟ್ಟೆ.

ನಮ್ಮ ಯೋಜನೆ ಹೀಗಿತ್ತು. ಅವಳ ಗಂಡ ಭಾನುವಾರ ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟಿಗೆ ಹೋಗುತ್ತಾರೆ. ಆರೂವರೆಗೆ ನಾವು ಎರಡು ಸೈಕಲ್ ಹೇರಿಕೊಂಡು ಸದ್ದಿಲ್ಲದೆ ಹೋಗಿ ಅವಳನ್ನು ಹತ್ತಿಸಿಕೊಳ್ಳುವುದು. ಅಲ್ಲಿಂದ ಕಡರನಾಯಕನಹಳ್ಳಿ ಕಡೆಗೆ ಹೋಗಿ, ಅವಳ ಗುರುತಿನವರು ಯಾರೂ ಇಲ್ಲದ ಕಾಲುವೆ ದಾರಿಯಲ್ಲಿ ಕಲಿಸುವುದು. ಒಂದು ಸೈಕಲ್ ಅವಳಿಗೆ, ಇನ್ನೊಂದು ಪಕ್ಕದಲ್ಲೇ ತುಳಿಯುತ್ತ ಧೈರ್ಯ ಹೇಳುವ ನನಗೆ.

"ಆರೂವರೆ ದಾಟಬ್ಯಾಡ್ರಿ ಅತ್ತಿಗೆ. ಎದುರುಮನಿ ಪಾರ್ವತಕ್ಕನ ಮಗಳ ಮದುವಿ ಐತೆ. ಭಾನುವಾರನೇ ಚಪ್ಪರ ಹಾಕ್ತಾರೆ. ಏಳರ ಮ್ಯಾಲೆ ಓಣಿ ತುಂಬ ಜನ."

"ಆರೂವರೆ ಅಂದ್ರೆ ಆರೂವರೆ," ಅಂದೆ. ರಾಕೆಟ್ ಹಾರಿಸುವವರೂ ಅಷ್ಟು ಖಡಾಖಂಡಿತವಾಗಿ ಹೇಳಿರಲಾರರು.

ಇನ್ನು ಉಳಿದದ್ದು ಸೈಕಲ್ ಸಾಗಿಸುವ ಸ್ಟ್ಯಾಂಡಿನ ಆಯ್ಕೆ. ನಮ್ಮದು ಪುಟ್ಟ ಕಾರು, ಡಿಕ್ಕಿಯಲ್ಲಿ ಎರಡು ಅಕ್ಕಿಚೀಲ ಇಟ್ಟರೆ ಉಸಿರು ಬಿಗಿಹಿಡಿಯುತ್ತದೆ. ಅದಕ್ಕೆ ಸೈಕಲ್ ಹೊರಗೇ ಕೂರಬೇಕು. ಮೂರು ದಿನ ಮೊಬೈಲಿನಲ್ಲಿ ಅಧ್ಯಯನ ಮಾಡಿದೆ. ಡಿಕ್ಕಿಗೆ ಬೆಲ್ಟಿನಿಂದ ಬಿಗಿಯುವ ಸ್ಟ್ಯಾಂಡು, ಕಾರಿನ ತಲೆಯ ಮೇಲೆ ಕೂರುವ ಸ್ಟ್ಯಾಂಡು, ಹಿಂದಿನ ಕೊಕ್ಕೆಗೆ ಸಿಗಿಸುವ ಸ್ಟ್ಯಾಂಡು. ನಮ್ಮ ಕಾರಿಗೆ ಕೊಕ್ಕೆಯೇ ಇಲ್ಲದ್ದರಿಂದ ಮೂರನೆಯದನ್ನು ಕೈಬಿಟ್ಟೆ. ಉಳಿದೆರಡಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಗುಣದೋಷ ಬರೆದು, ಅಂಕ ಕೊಟ್ಟೆ.

ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ ಕೇಳಿದರು. "ಒಂದು ಲಗೇಜ್ ಆಟೋ ಹೇಳಿದ್ರೆ ಆಗಲ್ಲೇನು?"

"ಆಟೋದವನು ಸುಮಾ ಮನೆ ಮುಂದೆ ಹಾರ್ನ್ ಹೊಡೆದ್ರೆ ಗುಟ್ಟು ಉಳೀತೈತೇನ್ರಿ?"

"ಅದೂ ಹೌದು," ಅಂದರು. ನಮ್ಮನೆಯವರ ದೊಡ್ಡ ಗುಣ ಅದು. ಅನಾಹುತವನ್ನು ಒಂದೇ ಒಂದು ಸಲ ತಡೆಯಲು ನೋಡುತ್ತಾರೆ.

ಬೆಲ್ಟಿನ ಸ್ಟ್ಯಾಂಡಿಗೆ ಹತ್ತಕ್ಕೆ ಎಂಟೂವರೆ ಅಂಕ ಬಂದಿತ್ತು. ತರಿಸಿದೆ. ಭಾನುವಾರಕ್ಕೆ ಒಂದು ವಾರ ಮುಂಚೆಯೇ ಪ್ರಯೋಗ ಇಟ್ಟುಕೊಂಡೆ. ಆರು ಬೆಲ್ಟು, ಆರು ಕೊಕ್ಕೆ, ಕಟ್ಟುವುದು ಹೇಗೆಂದು ತೋರಿಸುವ ಒಂದು ಚಿತ್ರದ ಹಾಳೆ. ಚಿತ್ರದಲ್ಲಿ ಒಬ್ಬ ಮನುಷ್ಯ ನಗುನಗುತ್ತ ಎರಡೇ ಹೆಜ್ಜೆಯಲ್ಲಿ ಅದನ್ನು ಕಟ್ಟಿದ್ದ. ನಮಗೆ ಎರಡು ಗಂಟೆ ಹಿಡಿಯಿತು, ನಗು ಬರಲಿಲ್ಲ. ಒಂದು ಬೆಲ್ಟು ಯಾವ ರೀತಿಯಲ್ಲೋ ನಮ್ಮನೆಯವರ ಸೊಂಟವನ್ನೂ ಸುತ್ತಿಕೊಂಡು ಬಿಗಿಯಾಗಿತ್ತು. ಬಿಚ್ಚಿದ್ದಾಯಿತು. ಕೊನೆಗೆ ಸ್ಟ್ಯಾಂಡು ಡಿಕ್ಕಿಯನ್ನು ಏಡಿಯಂತೆ ಕಚ್ಚಿ ನಿಂತಿತು.

ನಮ್ಮನೆಯವರ ಸೈಕಲ್ಲನ್ನು ಎತ್ತಿ ಅದರ ಎರಡು ಕೈಗಳ ಮೇಲೆ ನೇತು ಹಾಕಿದೆವು. ಭಲೇ! ನಂತರ ನನ್ನ ಸೈಕಲ್ಲನ್ನು ಎತ್ತಿದೆವು. ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಮೇಲಿನ ಅಡ್ಡ ರಾಡನ್ನು ಆ ಕೈಗಳ ಮೇಲೆ ಕೂರಿಸಬೇಕು. ನಾನು ಮುಂದೆ ಹುಡುಕಿದೆ, ಅವರು ಹಿಂದೆ ಹುಡುಕಿದರು.

"ಗಿರಿಜಾ, ರಾಡು ಎಲ್ಲೈತೆ?"

ಎಲ್ಲಿಂದ ಬರಬೇಕು? ಅದು ಲೇಡೀಸ್ ಸೈಕಲ್! ಸೀರೆ ಉಟ್ಟವರು ಹತ್ತಲಿ ಎಂದು ಆ ರಾಡನ್ನು ಇಡದೆಯೇ ಮಾಡಿರುತ್ತಾರೆ. ಡಿಕ್ಕಿಯ ಅಗಲ ಅಳೆದಿದ್ದೆ, ಬೆಲ್ಟಿನ ಬಲ ಲೆಕ್ಕ ಹಾಕಿದ್ದೆ, ಸೈಕಲ್ಲಿನ ತೂಕವನ್ನು ನಾವು ತೂಕ ನೋಡಿಕೊಳ್ಳುವ ಯಂತ್ರ ತಂದು ನೋಡಿದ್ದೆ. ಎಂಟು ವರ್ಷದಿಂದ ದಿನಾ ತುಳಿಯುತ್ತಿದ್ದ ನನ್ನ ಸೈಕಲ್ಲಿಗೆ ರಾಡಿಲ್ಲ ಎಂಬುದನ್ನು ಮಾತ್ರ ನೋಡಿರಲಿಲ್ಲ!

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಕೊಟ್ರಪ್ಪ ಮೇಷ್ಟ್ರು ಕತ್ತು ಚಾಚಿದರು. ನಿವೃತ್ತ ಹೆಡ್‌ಮಾಸ್ಟರು, ಬೆಳಗಿನ ಹೊತ್ತು ಅವರಿಗೆ ನಮ್ಮ ಮನೆಯೇ ಟಿವಿ.

"ಏನ್ ಮೇಡಂ, ರಾಡು ಕಳದೋತಾ?"

"ಇಲ್ರಿ ಸರ್, ಮೊದ್ಲಿಂದನೂ ಇರಲಿಲ್ಲ."

"ಹಂಗಾರೆ ಹುಡುಕೋದು ಯಾಕ?" ಅಂದರು.

ಸೋಲುವ ಜಾಯಮಾನ ನನ್ನದಲ್ಲ. ನನ್ನ ಸೈಕಲ್ಲನ್ನು ಓರೆಯಾಗಿ, ಮುಂಗಾಲಿ ಕೆಳಗೆ ಹಿಂಗಾಲಿ ಮೇಲೆ ಬರುವಂತೆ ನೇತುಹಾಕಿ ಹಗ್ಗ ಬಿಗಿದೆ. ನೋಡಿದವರಿಗೆ ಅದು ಕಾರಿನಿಂದ ಹಾರಲು ಹೊರಟ ಹಾಗೆ ಕಾಣುತ್ತಿತ್ತು. ಊರೊಳಗೆ ಒಂದು ಸುತ್ತು ಹಾಕಿ ನೋಡೋಣ ಎಂದು ಹೊರಟೆವು. ಮೊದಲ ಸರ್ಕಲ್ಲಿನಲ್ಲೇ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದರು.

"ಮೇಡಂ, ಗಾಡಿ ನಂಬರ್ ಎಲ್ಲೈತೆ?"

"ಹಿಂದೆ ಐತಲ್ರಿ ಸರ್."

"ಹಿಂದೆ ಸೈಕಲ್ ಐತೆ."

"ಅದರ ಹಿಂದೆ ಐತ್ರಿ."

ಅವರು ಬಗ್ಗಿ, ಗಾಲಿಯ ಕಡ್ಡಿಗಳ ಸಂದಿಯಲ್ಲಿ ಕಣ್ಣಿಟ್ಟು, ಜೈಲಿನೊಳಗಿನ ಕೈದಿಯನ್ನು ನೋಡುವಂತೆ ನಂಬರ್ ಪ್ಲೇಟನ್ನು ಹುಡುಕಿದರು. ಆಮೇಲೆ ಮೂಗು ಅರಳಿಸಿದರು. "ಏನೋ ಸುಡ್ತಾ ಐತಲ್ರಿ?"

ಸುಡುತ್ತಿದ್ದುದು ನನ್ನ ಸೈಕಲ್ಲಿನ ಮುಂದಿನ ಟೈರು! ಅದರ ನೆತ್ತಿ ನೇರವಾಗಿ ಕಾರಿನ ಸೈಲೆನ್ಸರ್ ಬಾಯಿಗೆ ಹೋಗಿ ಕೂತಿತ್ತು. ಪೊಲೀಸಿನವರು ಬಹಳ ಒಳ್ಳೆಯವರು. ನನ್ನ ಮುಖ ನೋಡಿ, "ಮೊದ್ಲು ಮನಿಗೆ ಹೋಗ್ರಿ ಮೇಡಂ, ನಿಧಾನಕ್ಕೆ ಹೋಗ್ರಿ," ಎಂದು ಆಸ್ಪತ್ರೆಗೆ ಕಳಿಸುವಂತೆ ಕಳಿಸಿದರು. ಎಂಟೂವರೆ ಅಂಕದ ಸ್ಟ್ಯಾಂಡು ಅಟ್ಟ ಸೇರಿತು. ನಮ್ಮನೆಯವರು ಸೈಕಲ್ಲಿಗೆ ಹೊಸ ಟೈರು ಹಾಕಿಸಿಕೊಂಡು ಬಂದರು.

ಉಳಿದದ್ದು ಕಾರಿನ ತಲೆ. ಕೊಂಡು ತಂದದ್ದನ್ನು ನಂಬಿ ಕೆಟ್ಟೆ, ಈ ಸಲ ನಾನೇ ವಿನ್ಯಾಸ ಮಾಡುತ್ತೇನೆ ಎಂದು ನಿರ್ಧರಿಸಿದೆ. ಗ್ರಾಫ್ ಹಾಳೆಯ ಮೇಲೆ ಮೂರು ದಿಕ್ಕಿನಿಂದಲೂ ಚಿತ್ರ ಬರೆದು, ಹಳೇ ಪಿ.ಬಿ. ರಸ್ತೆಯಲ್ಲಿ ಗ್ರಿಲ್ಲು, ಗೇಟು ಮಾಡುವ ನಜೀರ್ ಸಾಬರ ಹತ್ತಿರ ಹೋದೆ. ನಮ್ಮ ಮನೆಯ ಗೇಟು ಮಾಡಿದವರೂ ಅವರೇ. ಅವರು ಕನ್ನಡಕ ಏರಿಸಿ ಹಾಳೆಯನ್ನು ಸುತ್ತಲೂ ತಿರುಗಿಸಿ ನೋಡಿದರು.

"ಮೇಡಂ, ಇದರ ಮ್ಯಾಲೆ ಆನೆ ಕೂರಿಸ್ತೀರೇನ್ರಿ?"

"ಎರಡು ಸೈಕಲ್ ಸಾಬ್ರೆ."

"ಸೈಕಲ್ಲಿಗೆ ಇಷ್ಟು ದಪ್ಪ ಪೈಪು ಯಾಕ್ರಿ? ಸಣ್ಣದರಾಗೇ ಮಜಬೂತ್ ಮಾಡಿಕೊಡ್ತೀನಿ."

"ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಇರಬೇಕ್ರಿ. ಲೆಕ್ಕ ಹಂಗೈತೆ."

ಕಾರಿನ ಮಾಡಿಗೂ ಸ್ಟ್ಯಾಂಡಿಗೂ ನಡುವೆ ಗಾಳಿ ಸಲೀಸಾಗಿ ಹಾಯಲಿ ಎಂದು ಒಂದಡಿ ಎತ್ತರದ ನಾಲ್ಕು ಕಾಲು ಹೇಳಿದ್ದೆ. ಅದನ್ನು ನೋಡಿ ಸಾಬರು ಮತ್ತೆ ತಲೆ ಕೆರೆದರು. "ಕಾಲು ಉದ್ದ ಆತಲ್ರಿ? ಹೋಗ್ಲಿ ಬಿಡ್ರಿ, ನೀವು ಓದಿದೋರು. ಪೈಪಿನ ಬಾಯಿ ಮುಚ್ಚಿ ಬೆಸುಗೆ ಹಾಕ್ಲೇನ್ರಿ?"

"ಬ್ಯಾಡ ಸಾಬ್ರೆ. ತೂಕ ಕಡಿಮೆ ಆಗ್ಲಿ," ಅಂದೆ. ಮಣಗಟ್ಟಲೆ ಕಬ್ಬಿಣ ಹೇರಿಸಿಕೊಂಡು, ಬಾಯಿ ಮುಚ್ಚುವ ಸಣ್ಣ ಬಿಲ್ಲೆಗಳಲ್ಲಿ ಉಳಿತಾಯ ಮಾಡಿದ ಜಾಣೆ ನಾನು!

ಶನಿವಾರ ಮಧ್ಯಾಹ್ನ ಸ್ಟ್ಯಾಂಡು ತಯಾರಾಯಿತು. ನಾಲ್ಕು ಜನ ಹೊತ್ತು ಕಾರಿನ ಮೇಲೆ ಇಟ್ಟರು. ಕಾರು ಎರಡು ಬೆರಳು ಕುಸಿಯಿತು. ಎರಡು ಉದ್ದ ಪೈಪು, ನಡುವೆ ಸಾಲಾಗಿ ಅಡ್ಡ ಪೈಪು, ಸುತ್ತ ಹೊಸ ಬಿಳಿ ಹಗ್ಗ. ಮನೆ ಮುಂದೆ ಕಾರು ನಿಲ್ಲಿಸಿದ್ದೇ ತಡ, ಕೊಟ್ರಪ್ಪ ಮೇಷ್ಟ್ರು ಹೆಗಲಿಗೆ ಟವೆಲ್ ಹಾಕಿಕೊಂಡು ಧಾವಿಸಿ ಬಂದರು. ಮುಖ ಬಾಡಿತ್ತು.

"ಯಾರು ಹೋದ್ರು ಮೇಡಂ?"

"ಯಾರೂ ಹೋಗಿಲ್ಲ ಸರ್. ನಾಳೆ ಬೆಳಿಗ್ಗೆ ನಾವೇ ಹೋಗ್ತೀವಿ."

"ಶಿವ ಶಿವಾ! ಹಂಗೆಲ್ಲ ಮಾತಾಡಬಾರ್ದು," ಎಂದು ಅವರು ಎದೆಯ ಲಿಂಗ ಮುಟ್ಟಿಕೊಂಡರು. ಆಗ ನಾನು ತಿರುಗಿ ನೋಡಿದೆ. ಹೌದು, ನೋಡಲು ಥೇಟ್ ಚಟ್ಟವೇ! ನಮ್ಮನೆಯವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಪೇಪರು ಕುಲುಕುಲು ಅಲ್ಲಾಡುತ್ತಿತ್ತು.

ಭಾನುವಾರ ಐದಕ್ಕೇ ಎದ್ದೆವು. ಸೈಕಲ್‌ಗಳನ್ನು ಕಾರಿನ ತಲೆಗೆ ಏರಿಸುವುದು ಇಬ್ಬರ ಕೆಲಸವಲ್ಲ ಎಂದು ಆಗ ಗೊತ್ತಾಯಿತು. ನಾನು ಸ್ಟೂಲಿನ ಮೇಲೆ ನಿಂತು ಎಳೆದೆ, ಅವರು ಕೆಳಗಿನಿಂದ ನೂಕಿದರು. ಪೆಡಲು ಅವರ ತಲೆಗೆ ಬಡಿಯಿತು, ಚೈನಿನ ಎಣ್ಣೆ ನನ್ನ ಕೆನ್ನೆಗೆ ಬಳಿದುಕೊಂಡಿತು. ಕೊನೆಗೆ ಕೊಟ್ರಪ್ಪ ಮೇಷ್ಟ್ರೇ ಪಂಚೆ ಎತ್ತಿಕಟ್ಟಿ ಬಂದು ಕೈಜೋಡಿಸಿದರು. ಎರಡೂ ಸೈಕಲ್ ಕುದುರೆಗಳಂತೆ ತಲೆ ಎತ್ತಿ ನಿಂತಾಗ ಗಂಟೆ ಆರೂವರೆ. ಅಂದರೆ ನಾವು ಹರಿಹರದಲ್ಲಿ ಇರಬೇಕಾದ ಹೊತ್ತಿಗೆ ವಿದ್ಯಾನಗರದ ನಮ್ಮ ಮನೆ ಗೇಟಿನ ಮುಂದೆ ಇದ್ದೆವು.

"ಪರವಾಗಿಲ್ಲ, ಜೋರಾಗಿ ಹೋದ್ರಾತು," ಎಂದು ಸ್ಟೀರಿಂಗ್ ಹಿಡಿದೆ.

ಊರು ದಾಟಿ ವೇಗ ಏರಿಸಿದ್ದೇ ತಡ, ತಲೆಯ ಮೇಲಿಂದ ಒಂದು ಸದ್ದು ಎದ್ದಿತು. ಊಂ... ಎಂದು ಶುರುವಾಗಿ ಊಊಊ ಎಂದು ಏರಿತು. ಬ್ರೇಕ್ ಹಾಕಿದರೆ ಇಳಿಯಿತು. ಮತ್ತೆ ಒತ್ತಿದರೆ ಏರಿತು!

"ಏನಿದು?" ಅಂದರು ನಮ್ಮನೆಯವರು.

ನನಗೆ ಗೊತ್ತಾಗಿತ್ತು. ಬಾಟಲಿಯ ಬಾಯಿಗೆ ಅಡ್ಡ ಊದಿದರೆ ಸದ್ದು ಬರುತ್ತದೆಯಲ್ಲ, ಅದೇ. ಬಾಯಿ ಮುಚ್ಚದ ಎಂಟು ಪೈಪುಗಳಿಗೆ ಗಾಳಿ ಅಡ್ಡ ಹಾಯುತ್ತಿತ್ತು. ಗುರುವಾರ ತಾನೇ ಈ ಪಾಠ ಮಾಡಿ, ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ ಎಂದು ಮಕ್ಕಳಿಗೆ ಹೇಳಿದ್ದೆ. ನನ್ನ ಪ್ರಯೋಗ ಇಷ್ಟು ದೊಡ್ಡದಾಗುತ್ತದೆ ಎಂದು ಕನಸೂ ಕಂಡಿರಲಿಲ್ಲ.

ಬಾತಿ ಊರಿನ ಹತ್ತಿರ ಬಂದಾಗ ಮುಂದಿದ್ದ ಬಸ್ಸು ಎಡಕ್ಕೆ ಸರಿದು ನಿಂತಿತು. ಅದರ ಮುಂದಿನ ಟ್ರ್ಯಾಕ್ಟರೂ ಸರಿಯಿತು. ಚಹಾ ಅಂಗಡಿಯ ಮುಂದೆ ಕೂತಿದ್ದವರು ಎದ್ದು ನಿಂತರು. ಒಬ್ಬ ಅಜ್ಜ ಕೈಮುಗಿದ. ಎಲ್ಲರೂ ಆಂಬುಲೆನ್ಸ್ ಅಂದುಕೊಂಡಿದ್ದರು! ದಾರಿ ಬಿಟ್ಟವರು ಕಾರಿನೊಳಗೆ ರೋಗಿಯನ್ನು ಹುಡುಕಿದರು. ಕಂಡದ್ದು ತಲೆ ಹಿಡಿದುಕೊಂಡು ಕೂತಿದ್ದ ನಮ್ಮನೆಯವರು. ಸಾಕಷ್ಟು ನಂಬುವಂತಿತ್ತು.

"ಜನರಿಗೆ ಮೋಸ ಮಾಡಿದಂಗಾಗ್ತೈತೆ, ನಿಧಾನ ಹೋಗು," ಅಂದರು ಅವರು. ವೇಗ ಹದಿನೈದಕ್ಕೆ ಇಳಿಸಿದರೆ ಸದ್ದು ನಿಲ್ಲುತ್ತಿತ್ತು. ಹಾಗಾಗಿ ಹದಿನೈದರಲ್ಲೇ ಹೋದೆವು. ನಮ್ಮನ್ನು ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ದಾಟಿ ಹೋದ. ಹೋಗುತ್ತ ನಮ್ಮ ತಲೆಯ ಮೇಲಿನ ಸೈಕಲ್‌ಗಳನ್ನು ಬಹಳ ಹೊತ್ತು ನೋಡಿದ.

ಸುಮಂಗಲ ನಾಲ್ಕು ಸಲ ಫೋನ್ ಮಾಡಿದಳು. ನಾಲ್ಕನೆಯ ಸಲ ಅವಳ ದನಿ ಅಳುವಿನ ಅಂಚಿನಲ್ಲಿತ್ತು. "ಅತ್ತಿಗೆ, ಶಾಮಿಯಾನದೋರು ಬಂದ್ರು. ವಾಪಸ್ ಹೋಗಿಬಿಡ್ರಿ. ಇನ್ನೊಂದು ದಿನ ನೋಡಿದ್ರಾತು."

ಮೂವತ್ತು ವರ್ಷ ಇನ್ನೊಂದು ದಿನ, ಇನ್ನೊಂದು ದಿನ ಅಂದುಕೊಂಡೇ ಕಳೆದವಳು ಅವಳು. "ಬಾಗಿಲ ಹತ್ರ ನಿಂತಿರು ಸುಮಾ. ಹತ್ತಿಸ್ಕೊಂಡು ಎರಡೇ ನಿಮಿಷಕ್ಕ ಹೋಗಿಬಿಡ್ತೀವಿ," ಅಂದೆ.

ಅವಳ ಬೀದಿಗೆ ತಿರುಗಿದಾಗ ಏಳೂವರೆ. ಬೀದಿಯ ಬಾಯಲ್ಲೇ ಒಂದು ಕಮಾನು. ಎರಡು ಬೊಂಬಿನ ಕಂಬ, ಅದಕ್ಕೆ ಬಾಳೆಗಿಡ, ಮಾವಿನ ತೋರಣ, ಚೆಂಡುಹೂವಿನ ಮಾಲೆ, ನಡುವೆ ಹೂವಿನಲ್ಲೇ ಬರೆದ "ಸುಸ್ವಾಗತ". ಅದರಾಚೆಗೆ ಬಣ್ಣದ ಬಟ್ಟೆಯ ಚಪ್ಪರ, ಎದುರುಮನೆಯವರೆಗೂ.

"ನಿಲ್ಲಿಸು. ತಾಗ್ತೈತೆ," ಅಂದರು ನಮ್ಮನೆಯವರು.

ನಾನು ನಿಲ್ಲಿಸಿ ಕಣ್ಣಳತೆ ಮಾಡಿದೆ. ಕಾರು ಐದಡಿ. ಸೈಕಲ್ ಮೂರೂವರೆ ಅಡಿ. ಒಟ್ಟು ಎಂಟೂವರೆ. ಕಮಾನು ಒಂಬತ್ತಡಿಗೆ ಕಡಿಮೆ ಇಲ್ಲ. "ಇನ್ನೂ ಅರ್ಧ ಅಡಿ ಮಿಕ್ಕೈತೆ," ಎಂದು ಗೇರ್ ಹಾಕಿದೆ.

ಲೆಕ್ಕದಲ್ಲಿ ಕಾರನ್ನು ಹಿಡಿದಿದ್ದೆ. ಸೈಕಲ್ಲನ್ನು ಹಿಡಿದಿದ್ದೆ. ನಡುವೆ ಒಂದಡಿ ಕಾಲು ಚಾಚಿ ನಿಂತಿದ್ದ ಸ್ಟ್ಯಾಂಡನ್ನೇ ಬಿಟ್ಟಿದ್ದೆ!

ಮೊದಲು ಚರ್ ಎಂಬ ಸದ್ದು. ಆಮೇಲೆ ಮೇಲಿನಿಂದ ಯಾರೋ ಹಿಡಿದು ಎಳೆದಂತಾಯಿತು. ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದೆ. ಎಡಗಡೆಯ ಕಂಬ ಲಟಕ್ಕನೆ ಮುರಿಯಿತು, ಪುಣ್ಯಕ್ಕೆ ಅದರ ಹತ್ತಿರ ಯಾರೂ ಇರಲಿಲ್ಲ. "ಸುಸ್ವಾಗತ" ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ನಮ್ಮ ಜೊತೆಯೇ ಹೊರಟಿತು. ಚಪ್ಪರದ ಬಟ್ಟೆ ಬ್ರೇಕಿನ ಹಿಡಿಗೆ ಸಿಕ್ಕು, ಅಂಚಿನಿಂದ ಅಂಚಿಗೆ ಹಾಸಿಗೆ ಸುತ್ತಿದ ಹಾಗೆ ಹಿಂದೆ ಹಿಂದೆ ಬಂತು. ಕೊನೆಗೆ ನಾನು ಬ್ರೇಕ್ ಒತ್ತಿದ್ದು ಸರಿಯಾಗಿ ಸುಮಂಗಲಳ ಮನೆಯ ಮುಂದೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ಚೂಡಿದಾರ, ಕಾಲಿಗೆ ಗಂಡನ ಸ್ಪೋರ್ಟ್ಸ್ ಶೂ, ಗುರುತು ಸಿಗಬಾರದೆಂದು ತಲೆಗೂ ಮುಖಕ್ಕೂ ಸುತ್ತಿದ ವೇಲು. ಬರೀ ಎರಡು ಕಣ್ಣು ಕಾಣುತ್ತಿದ್ದವು. ಆ ಎರಡು ಕಣ್ಣು ಕಾರನ್ನು ನೋಡಿದವು, ಅದರ ತಲೆಯ ಮೇಲಿನ ಹೂವು, ಬಾಳೆಎಲೆ, ಬಣ್ಣದ ಬಟ್ಟೆಯನ್ನು ನೋಡಿದವು, ಹಿಂದೆ ಓಡೋಡಿ ಬರುತ್ತಿದ್ದ ಇಡೀ ಬೀದಿಯನ್ನು ನೋಡಿದವು. ಆಮೇಲೆ ಮುಚ್ಚಿಕೊಂಡವು.

"ಸದ್ದಿಲ್ಲದಂಗೆ ಬರ್ತೀನಿ ಅಂದಿದ್ರಲ್ಲ ಅತ್ತಿಗೆ!" ಅಂದಳು ವೇಲಿನೊಳಗಿಂದ.

ಅಷ್ಟರಲ್ಲಿ ಮದುಮಗಳ ತಾಯಿ ಪಾರ್ವತಕ್ಕ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ, ಬಿದ್ದ ಹೂಮಾಲೆಯನ್ನು ಕೈಗೆತ್ತಿಕೊಂಡು ಕಣ್ಣೀರು ಹಾಕಿದರು. "ಚಪ್ಪರದ ದಿನಾನೇ ಚಪ್ಪರ ಬಿತ್ತು. ನನ್ನ ಮಗಳಿಗೆ ಏನು ಕಾದೈತೋ," ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿಯವರೆಗಿನದೆಲ್ಲ ನಗೆಯಾಟ. ಇದು ಹಾಗಲ್ಲ. ಒಂದು ಮದುವೆಮನೆಯ ಸಂತೋಷಕ್ಕೆ ನಾನು ಕಾರು ಹತ್ತಿಸಿದ್ದೆ. "ತಪ್ಪಾತ್ರಿ, ನನ್ನದೇ ತಪ್ಪು," ಎಂದು ಕೈಮುಗಿದೆ. ಕೈತುಂಬ ಚೈನಿನ ಎಣ್ಣೆ, ಕೆನ್ನೆಯ ಮೇಲೂ ಎಣ್ಣೆ. ಬಹಳ ಗಂಭೀರವಾಗಿ ಕಾಣುತ್ತಿದ್ದೆ ಅಂತೇನೂ ಅಲ್ಲ.

ಜನರ ನಡುವಿನಿಂದ ಕೋಲೂರಿಕೊಂಡು ಒಬ್ಬ ಅಜ್ಜಿ ಮುಂದೆ ಬಂದರು. ಪಾರ್ವತಕ್ಕನ ಅತ್ತೆ, ಗಂಗಮ್ಮಜ್ಜಿ.

"ಯಾಕ ಅಳ್ತೀ ಪಾರ್ವತಿ? ನಿನ್ನ ಮದುವಿ ದಿನ ಮಳಿ ಬಂದು ಚಪ್ಪರದ ಜೊತಿಗೆ ಅಡುಗಿನೂ ತೊಳ್ಕೊಂಡು ಹೋತು. ಬೀಗರು ಮಂಡಕ್ಕಿ ತಿಂದು ಮಲಗಿದ್ರು. ನೀ ಚೆಂದಾಗಿ ಬಾಳಿಲ್ಲೇನು?" ಅಂದರು. ಪಾರ್ವತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಕೋಲಿನಿಂದ ಕಾರಿನ ತಲೆ ತೋರಿಸಿದರು. "ಅದಿರ್ಲಿ. ಆ ಸೈಕಲ್ ಯಾರಿಗೆ?"

ನಾನು ಏನಾದರೂ ಸುಳ್ಳು ಹೇಳೋಣ ಎಂದು ಬಾಯಿ ತೆರೆದೆ. ನನಗಿಂತ ಮೊದಲು ಸುಮಂಗಲ ವೇಲು ಬಿಚ್ಚಿದಳು.

"ನನಗೆ, ಅಜ್ಜಿ. ಕಲಿಯಾಕ ತರಿಸಿದ್ದೆ."

"ಟೀಚರ್!" ಅಂದಿತು ಇಡೀ ಬೀದಿ.

"ಕಲಿ ಮತ್ತ. ಈಗ ಚಪ್ಪರ ಇಲ್ಲ, ಓಣಿ ಖಾಲಿ ಐತೆ," ಅಂದರು ಅಜ್ಜಿ.

ಹಾಗೆ ಆ ಗುಟ್ಟಿನ ಕಾರ್ಯಕ್ರಮ ಸುಮಾರು ಅರವತ್ತು ಜನರ ಸಮ್ಮುಖದಲ್ಲಿ ಉದ್ಘಾಟನೆಯಾಯಿತು. ಶಾಮಿಯಾನದ ಮಂಜಣ್ಣ ಕಾರಿನ ಮೇಲಿಂದ ಸೈಕಲ್‌ಗಳನ್ನು ಇಳಿಸಿದ. ಮುರಿದ ಕಂಬದ ಕಡೆ ನೋಡಿ, ನಮ್ಮ ಸ್ಟ್ಯಾಂಡಿನ ಕಡೆ ನೋಡಿ, "ಅಕ್ಕಾರೆ, ಇದನ್ನ ಸ್ವಲ್ಪ ಕೊಡ್ರಿ," ಅಂದ. ನಾಲ್ಕು ಜನ ಸೇರಿ ಅದನ್ನು ಇಳಿಸಿ, ಕಾಲು ಮೇಲಾಗಿ ಬೋರಲು ಹಾಕಿದರು. ಹೊಸ ಬೊಂಬನ್ನು ಬಾಯಿ ಮುಚ್ಚದ ಒಂದು ಕಾಲಿನೊಳಗೆ ಇಳಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು! ಮಂಜಣ್ಣ ಅಲ್ಲಾಡಿಸಿ ನೋಡಿದ. ಅಲುಗಲಿಲ್ಲ.

"ಭೂಕಂಪ ಆದ್ರೂ ಬೀಳಂಗಿಲ್ಲ. ಯಾರ್ರೀ ಈ ಚಪ್ಪರದ ಸ್ಟ್ಯಾಂಡ್ ಮಾಡಿದ್ದು?"

"ಇವರೇ," ಎಂದು ನಮ್ಮನೆಯವರು ನನ್ನನ್ನು ತೋರಿಸಿದರು. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಎಂದೂ ನೋಡಿರಲಿಲ್ಲ. ಅದು ಹೆಮ್ಮೆ ಅಲ್ಲವೆಂದೂ ನನಗೆ ಗೊತ್ತಿತ್ತು.

ಕೆಡವಿದವರೇ ಕಟ್ಟಬೇಕಲ್ಲ. ನಾನು ಸ್ಟೂಲು ಹತ್ತಿ ಮಾವಿನೆಲೆ ಸಿಗಿಸತೊಡಗಿದೆ, ನಮ್ಮನೆಯವರು ಸ್ಟೂಲು ಹಿಡಿದು ನಿಂತರು. ಸುಮಂಗಲ ನನ್ನ ಸೈಕಲ್ ಹಿಡಿದು ನನ್ನ ಕಡೆ ನೋಡಿದಳು. "ಬಂದೆ ಸುಮಾ, ಇದೊಂದು ಸಾಲು ಮುಗಿಸಿ ಬಂದೆ. ಮೊದ್ಲು ಸಮತೋಲನ ಅಂದ್ರೆ ಏನು ಅಂತ ತಿಳ್ಕೋಬೇಕು," ಎಂದು ಮೇಲಿಂದಲೇ ಪಾಠ ಶುರುಮಾಡಿದೆ.

ಪಾಠ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮನೆಯೊಳಗಿಂದ ಮದುಮಗಳು ಪೂಜಾ ಓಡಿಬಂದಳು. ಕೆನ್ನೆ, ಕೈ, ಕಾಲು ಎಲ್ಲ ಅರಿಷಿಣ. ಹಳೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆಂಟಿ, ಹತ್ರಿ, ನಾ ಹಿಂದೆ ಹಿಡ್ಕೋತೀನಿ. ನಂಗೆ ಅ ಆ ಇ ಈ ಕಲಿಸಿದೋರು ನೀವು," ಅಂದಳು.

"ಅರಿಷಿಣ ಹಚ್ಕೊಂಡು ಹೊರಗೆ ಬರಬಾರ್ದಲ್ಲೇ!" ಎಂದು ಪಾರ್ವತಕ್ಕ ಕೂಗಿದರು. ಕೂಗುತ್ತಲೇ ಬಂದು ತಾವೂ ಹ್ಯಾಂಡಲ್ಲಿನ ಒಂದು ಬದಿ ಹಿಡಿದರು.

ಸುಮಂಗಲ ಹತ್ತಿದಳು. ಎರಡು ಸಲ ಬಿದ್ದಳು. ಮೊದಲ ಸಲ ಬಿದ್ದಾಗ ಬೀದಿ ನಕ್ಕಿತು, ಅವಳೂ ನಕ್ಕಳು. ಎರಡನೆಯ ಸಲ ಬಿದ್ದಾಗ ಯಾರೂ ನಗಲಿಲ್ಲ, ಹತ್ತು ಕೈಗಳು ಎಬ್ಬಿಸಿದವು. ಎಷ್ಟನೆಯ ಸುತ್ತೋ ಗೊತ್ತಿಲ್ಲ, ಪೂಜಾ ಸೀಟಿನ ಹಿಂದಿನಿಂದ ಕೈ ಬಿಟ್ಟಳು. ಬಿಟ್ಟದ್ದು ಸುಮಂಗಲಳಿಗೆ ಗೊತ್ತಾಗಲಿಲ್ಲ. ನಮಗೆಲ್ಲ ಗೊತ್ತಾಯಿತು. ಹಳದಿ ಕೈಗುರುತಿನ ಸೀಟಿನ ಮೇಲೆ ಕೂತು, ಗಂಡನ ಶೂ ಹಾಕಿಕೊಂಡು, ಬಾಯಿ ಬಿಗಿಹಿಡಿದು, ಅವಳು ಒಬ್ಬಳೇ ಬೀದಿಯ ಆ ತುದಿಯವರೆಗೆ ಹೋದಳು. ಹೋಗಿ ತಿರುಗಿಸಲು ಬರದೆ ಗೋಡೆ ಹಿಡಿದು ನಿಂತಳು. ಅಲ್ಲಿಂದಲೇ ಕೂಗಿದಳು. "ಅಣ್ಣಾ, ನೋಡಿದ್ಯಾ?"

ನಮ್ಮನೆಯವರು ನೋಡಿದ್ದರು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಹಾಗೆ ಎತ್ತುವಾಗ ಸ್ಟೂಲು ಬಿಟ್ಟರು. ನಾನು ಮಾವಿನೆಲೆಯ ಸಮೇತ ಕೆಳಗೆ ಬಂದೆ. ಆ ದಿನ ಆ ಬೀದಿಯಲ್ಲಿ ಸಮತೋಲನ ಏನೆಂದು ತಿಳಿಯದವಳು ನಾನೊಬ್ಬಳೇ.

ಸ್ಟ್ಯಾಂಡು ಅಲ್ಲೇ ಉಳಿಯಿತು. ಮದುವೆ ಮುಗಿಯುವವರೆಗೂ ಅದನ್ನು ಅಲ್ಲಾಡಿಸುವ ಹಾಗಿಲ್ಲ ಎಂದು ಮಂಜಣ್ಣ ಹೇಳಿದ. ನನ್ನ ಸೈಕಲ್ ಸುಮಂಗಲಳ ಮನೆಯಲ್ಲೇ ಉಳಿಯಿತು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ, ಕೊಡುವ ಮನಸ್ಸು ಅವಳಿಗಿರಲಿಲ್ಲ. ಸಾಗಿಸಲು ಸ್ಟ್ಯಾಂಡಿಲ್ಲದೆ ನಮ್ಮನೆಯವರ ಸೈಕಲ್ಲೂ ಅಲ್ಲೇ ನಿಂತಿತು. ಖಾಲಿ ಕಾರಿನಲ್ಲಿ ಹೊರಟಾಗ ಪಾರ್ವತಕ್ಕ ಕಿಟಕಿಯ ಹತ್ತಿರ ಬಂದು ಲಗ್ನಪತ್ರಿಕೆ ಕೊಟ್ಟು, ಕುಂಕುಮ ಹಚ್ಚಿದರು. ನನ್ನ ಕಣ್ಣು ತುಂಬಿ ಬಂತು.

"ಗುರುವಾರ ಮದುವಿ. ತಪ್ಪಿಸಬ್ಯಾಡ್ರಿ," ಅಂದರು. ಆಮೇಲೆ ಬಹಳ ಮರ್ಯಾದೆಯಿಂದ ಸೇರಿಸಿದರು. "ಬಸ್ಸಿನಾಗ ಬಂದ್ರ ಅನುಕೂಲ ಆಗ್ತೈತ್ರಿ."

ಗುರುವಾರ ಕಾಲೇಜಿಗೆ ರಜೆ ಹಾಕಿ ಬಸ್ಸಿನಲ್ಲೇ ಹೋದೆ. ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದ ಹುಡುಗಿಯರು ನನ್ನನ್ನು ಕಂಡು ನಕ್ಕರು, ಬರ್ರಿ ಮೇಡಂ ಅಂದರು. ಆದರೆ ಪನ್ನೀರು ಚಿಮುಕಿಸುವ ಮೊದಲು ಇಬ್ಬರೂ ಕತ್ತು ಚಾಚಿ, ನನ್ನ ಹಿಂದೆ ಇನ್ನೇನಾದರೂ ಬರುತ್ತಿದೆಯೇ ಎಂದು ಒಮ್ಮೆ ನೋಡಿದರು.